ಸರ್ಕಾರಿ ಬಸ್ಸು, ಆಂಬುಲೆನ್ಸು, ಹೆಲಿಕಾಪ್ಟರ್ ಖರೀದಿಗೆ ಲೆಕ್ಕ ಕೇಳೋರು ಯಾರು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿರಾದಿಂದ ತುಮಕೂರಿಗೆ ಹನ್ನೊಂದು ವರ್ಷ ದಿನಾ ಕೆಂಪು ಬಸ್ಸಲ್ಲಿ ಓಡಾಡಿದವನು ನಾನು. ಬೆಳಗ್ಗೆ ಬಸ್ ಕೆಟ್ಟು ನಿಂತ್ರೆ ಹಿಂದೆ ಬರೋ ಬಸ್ಸಿಗೆ ಎರಡು ಬಸ್ಸಿನ ಜನ ಹತ್ತಬೇಕು, ಕಾಲೇಜು ಹುಡುಗೀರು ಬಾಗಿಲ ಮೆಟ್ಟಲ ಮೇಲೆ ನಿಂತ್ಕೊಂಡು ಬರ್ತಿದ್ರು, ಅದನ್ನ ನೋಡ್ತಾ ನೋಡ್ತಾನೇ ನನಗೆ ಈ ಬಸ್ಸುಗಳನ್ನ ಯಾರು ಕೊಳ್ತಾರೆ, ಯಾವ ಲೆಕ್ಕದಲ್ಲಿ ಕೊಳ್ತಾರೆ, ಆ ದುಡ್ಡಿಗೆ ಯಾರು ಉತ್ತರ ಕೊಡ್ತಾರೆ ಅನ್ನೋ ಪ್ರಶ್ನೆ ಹತ್ಕೊಂಡಿದ್ದು. ಆಮೇಲೆ ಬಜೆಟ್ ಪುಸ್ತಕ, ಸರ್ಕಾರದ ಖರ್ಚನ್ನ ಆಡಿಟ್ ಮಾಡೋ ಸಿಎಜಿಯ ವರದಿ, ಸದನದ ಪ್ರಶ್ನೋತ್ತರ ಓದೋದು ಅಭ್ಯಾಸ ಆಯ್ತು. ಈಗ ಬಸ್‌ಸ್ಟ್ಯಾಂಡಲ್ಲಿ, ಮದುವೆ ಮನೇಲಿ, ವಾಟ್ಸಾಪಲ್ಲಿ ಜನ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾರೆ, ಹಾಗಾಗಿ ಎಲ್ಲಾನೂ ಒಂದು ಕಡೆ ಬರೆದಿಡ್ತಾ ಇದೀನಿ.

ಇದೆಲ್ಲಾ ಬೆಂಗಳೂರಲ್ಲಿ ತೀರ್ಮಾನ ಆಗೋದು, ನಮಗ್ಯಾಕೆ ಇದರ ಉಸಾಬರಿ?

ತೀರ್ಮಾನ ಆಗೋದು ಬೆಂಗಳೂರಲ್ಲೇ, ಆದ್ರೆ ಆ ತೀರ್ಮಾನದ ಏಟು ಬೀಳೋದು ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕೊನೇ ಹಳ್ಳಿ ಟ್ರಿಪ್ ಮೇಲೆ. ಸಾರಿಗೆ ನಿಗಮದ ಹತ್ರ, ಅಂದ್ರೆ ಕೆಎಸ್‌ಆರ್‌ಟಿಸಿ ಹತ್ರ, ಬಸ್ ಕಮ್ಮಿ ಇದ್ದಾಗ ಮೊದಲು ಕಟ್ ಆಗೋದು ಕಲೆಕ್ಷನ್ ಕಮ್ಮಿ ಇರೋ ಹಳ್ಳಿ ಶೆಡ್ಯೂಲು. 2022ರ ಮಾರ್ಚಲ್ಲಿ ಪಾವಗಡ ತಾಲೂಕಿನ ಪಳವಳ್ಳಿ ಕಟ್ಟೆ ಹತ್ರ ಜನ ತುಂಬಿದ್ದ ಖಾಸಗಿ ಬಸ್ ಪಲ್ಟಿ ಆಗಿ ಓದೋ ಮಕ್ಕಳೂ ಸೇರಿ ಹಲವರು ತೀರಿಕೊಂಡಿದ್ದು ನಮ್ ಜಿಲ್ಲೇಲಿ ಯಾರೂ ಮರೆತಿಲ್ಲ. ಆ ದಾರೀಲಿ ಸಾಕಷ್ಟು ಸರ್ಕಾರಿ ಬಸ್ ಇಲ್ಲ ಅನ್ನೋ ಮಾತು ಅವತ್ತು ಎಲ್ಲರ ಬಾಯಲ್ಲೂ ಬಂತು. ಬಸ್ ಖರೀದಿ ಅಂದ್ರೆ ನನಗೆ ಮೊದಲು ನೆನಪಾಗೋದು ಅದೇ, ಹಾಗಾಗಿ ಉಸಾಬರಿ ಅಂತ ನನಗನ್ಸಲ್ಲ.

ಇನ್ನೊಂದು ಮಾತು, ತುಮಕೂರಿಗೆ 11, ಕೋಲಾರಕ್ಕೆ 6, ಚಿಕ್ಕಬಳ್ಳಾಪುರಕ್ಕೆ 5, ಒಟ್ಟು 22 ಎಂಎಲ್‌ಎ ಸೀಟು ನಮ್ ಮೂರು ಜಿಲ್ಲೆಗೆ. 224 ಜನರ ಸದನದಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಭಾಗ. ಕಮ್ಮಿ ಏನಲ್ಲ.

ಪ್ರತಿ ಸಲ ಬಸ್ ಕೊಳ್ಳೋವಾಗ ವಿಧಾನಸಭೆ ಒಪ್ಪಿಗೆ ಬೇಕಾ?

ಬೇಡ. ಜನ ಹಂಗೇ ಅನ್ಕೊಂಡಿರ್ತಾರೆ, ಅಲ್ಲೇ ಗೊಂದಲ ಶುರು. 1948ರಲ್ಲಿ 120 ಬಸ್ಸಿಂದ ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಶುರುವಾದಾಗ ಅದು ನೇರವಾಗಿ ಸರ್ಕಾರದ್ದೇ ಇಲಾಖೆ. 1961ರಲ್ಲಿ ಅದು ನಿಗಮ ಆಯ್ತು, 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಅಡೀಲಿ. ನಿಗಮ ಅಂದ್ಮೇಲೆ ಅದಕ್ಕೊಂದು ಆಡಳಿತ ಮಂಡಳಿ, ಎಷ್ಟು ಬಸ್, ಯಾವ ಮಾಡೆಲ್, ಯಾರಿಂದ ಅನ್ನೋದನ್ನ ಆ ಬೋರ್ಡು ಮತ್ತೆ ಸಾರಿಗೆ ಇಲಾಖೆ ನೋಡ್ಕೊಳ್ಳುತ್ತೆ, ದೊಡ್ಡ ಮೊತ್ತ ಆದ್ರೆ ಕ್ಯಾಬಿನೆಟ್‌ಗೆ ಹೋಗುತ್ತೆ.

ಸದನದ ಕೈಲಿರೋದು ದುಡ್ಡಿನ ನಲ್ಲಿ. ಸಂವಿಧಾನದ 203ನೇ ವಿಧಿ ಪ್ರಕಾರ ಇಲಾಖೆಯ ಅನುದಾನದ ಬೇಡಿಕೆ ವಿಧಾನಸಭೆ ಮುಂದೆ ಬರಬೇಕು, 204ನೇ ವಿಧಿ ಪ್ರಕಾರ ಧನವಿನಿಯೋಗ ವಿಧೇಯಕ ಪಾಸಾಗದೆ ಖಜಾನೆಯಿಂದ ದುಡ್ಡು ಹೊರಗೆ ಬರಂಗಿಲ್ಲ. ಬಸ್ ಖರೀದಿಗೆ ಅಂತ ಸರ್ಕಾರ ನಿಗಮಕ್ಕೆ ಕೊಡೋ ಹಣ, ಶಕ್ತಿ ಯೋಜನೆ ಟಿಕೆಟ್ ದುಡ್ಡು ತುಂಬಿಕೊಡೋದು, ಎಲ್ಲಾ ಇದರಲ್ಲೇ ಬರೋದು. ಮಧ್ಯದಲ್ಲಿ ಜಾಸ್ತಿ ಬೇಕಾದ್ರೆ 205ನೇ ವಿಧಿ ಪ್ರಕಾರ ಪೂರಕ ಅಂದಾಜು ತರ್ತಾರೆ, ನನ್ ಕೇಳಿದ್ರೆ ಎಲ್ರೂ ಕಣ್ಣಿಟ್ಟು ನೋಡಬೇಕಾದ್ದು ಇದನ್ನ, ಯಾಕಂದ್ರೆ ಬಜೆಟ್ ದಿನ ಟಿವೀಲಿ ದಿನವಿಡೀ ಚರ್ಚೆ ಇರುತ್ತೆ, ಪೂರಕ ಅಂದಾಜು ಮಾತ್ರ ಅಧಿವೇಶನದ ಕೊನೇಲಿ ಗದ್ದಲದ ಮಧ್ಯೆ ಧ್ವನಿಮತದಲ್ಲಿ ಹೋಗಿಬಿಡುತ್ತೆ.

ಆದ್ರೆ ನಿಗಮ ಬ್ಯಾಂಕಲ್ಲಿ ಸಾಲ ಎತ್ತಿ ಬಸ್ ಕೊಂಡ್ರೆ ಆ ಮೊತ್ತ ಬಜೆಟಲ್ಲಿ ನೇರವಾಗಿ ಕಾಣಲ್ಲ. ಸರ್ಕಾರ ಗ್ಯಾರಂಟಿ ನಿಂತಿರುತ್ತೆ ಅಷ್ಟೇ. ಆ ಗ್ಯಾರಂಟಿಗಳ ಪಟ್ಟಿ ಬಜೆಟ್ ದಾಖಲೆಗಳ ಜೊತೇಲೇ ಇರುತ್ತೆ, ಹುಡುಕಿ ನೋಡಬೇಕು.

ಲೆಕ್ಕ ಕೇಳೋಕೆ ಅಂತಲೇ ಸಮಿತಿ ಇವೆಯಂತಲ್ಲ, ಯಾವುವು?

ಮುಖ್ಯವಾಗಿ ಎರಡು ನೆನಪಿಟ್ಕೊಳ್ಳಿ. ಒಂದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಪಿಎಸಿ ಅಂತಾರಲ್ಲ ಅದು, ಇದಕ್ಕೆ ವಿರೋಧ ಪಕ್ಷದವರು ಅಧ್ಯಕ್ಷರಾಗೋದು ನಡೆದು ಬಂದ ಪದ್ಧತಿ. ಇಲಾಖೆಗಳು ನೇರವಾಗಿ ಕೊಳ್ಳೋ ಪೊಲೀಸ್ ಜೀಪು, ಆಂಬುಲೆನ್ಸು, ಅಗ್ನಿಶಾಮಕ ಗಾಡಿ ಇದರ ವ್ಯಾಪ್ತಿಗೆ ಬರುತ್ತೆ. ಇನ್ನೊಂದು ಸಾರ್ವಜನಿಕ ಉದ್ದಿಮೆಗಳ ಸಮಿತಿ, ಕೆಎಸ್‌ಆರ್‌ಟಿಸಿ ಬಿಎಂಟಿಸಿ ಥರದ ನಿಗಮಗಳನ್ನ ಇದು ಕೂರಿಸಿಕೊಂಡು ಕೇಳುತ್ತೆ. ಎರಡರಲ್ಲೂ ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಕಡೆಯ ಸದಸ್ಯರಿರ್ತಾರೆ, ಕಾರ್ಯದರ್ಶಿ, ಎಂಡಿ ಯಾರನ್ನ ಬೇಕಾದ್ರೂ ಕರೆಸಬಹುದು, ಫೈಲ್ ತರಿಸಬಹುದು. ಟಿವಿ ಕ್ಯಾಮೆರಾ ಇಲ್ಲದೇ ಇರೋದ್ರಿಂದ ಅಲ್ಲಿ ಪಕ್ಷದ ಕೂಗಾಟ ಕಮ್ಮಿ, ಕೆಲಸ ಜಾಸ್ತಿ ಆಗೋಕೆ ಅವಕಾಶ ಇದೆ.

ಅಂದಾಜುಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ, ಅರ್ಜಿಗಳ ಸಮಿತಿ ಅಂತಾನೂ ಇವೆ. ಭರವಸೆಗಳ ಸಮಿತಿ ಬಗ್ಗೆ ಕೊನೇಲಿ ಹೇಳ್ತೀನಿ.

ಸಿಎಜಿ ವರದಿ ಬಂದ್ರೆ ಆಯ್ತಲ್ಲ, ಕಳ್ಳತನ ಹೊರಗೆ ಬರುತ್ತಲ್ಲ?

ಬರುತ್ತೆ, ಆದ್ರೆ ಯಾವಾಗ ಬರುತ್ತೆ ಅನ್ನೋದೇ ನೋವಿನ ವಿಷಯ. ನಿಗಮದ ಲೆಕ್ಕ ಆಡಿಟ್ ಮಾಡೋದು ಸಿಎಜಿನೇ, ಕಾಯ್ದೇಲೇ ಹಂಗಿದೆ. ವರದಿ ರಾಜ್ಯಪಾಲರಿಗೆ ಹೋಗಿ ಅಲ್ಲಿಂದ 151ನೇ ವಿಧಿ ಪ್ರಕಾರ ಸದನದಲ್ಲಿ ಮಂಡನೆ ಆಗಿ ಆಮೇಲೆ ಸಮಿತಿಗೆ ಬರೋ ಹೊತ್ತಿಗೆ ಬಸ್ ಅರ್ಧ ಆಯಸ್ಸು ಮುಗಿಸಿರುತ್ತೆ, ಸಹಿ ಹಾಕಿದ ಅಧಿಕಾರಿ ಟ್ರಾನ್ಸ್‌ಫರ್ ಆಗಿರ್ತಾರೆ ಇಲ್ಲಾ ರಿಟೈರ್ ಆಗಿರ್ತಾರೆ.

ಆದ್ರೂ ಆ ವರದಿಗಳನ್ನ ಓದಿ, ಯಾಕಂದ್ರೆ ಖರೀದಿ ಎಲ್ಲಿ ಹಾಳಾಗುತ್ತೆ ಅಂತ ಕಲಿಸೋದು ಅವೇ. ದೊಡ್ಡ ಗಣ್ಯರ ಓಡಾಟಕ್ಕೆ ಅಂತ ಕೇಂದ್ರ ಸರ್ಕಾರ ಕೊಳ್ಳೋಕೆ ಹೊರಟ ವಿವಿಐಪಿ ಹೆಲಿಕಾಪ್ಟರ್ ಕೇಸ್ ನೋಡಿ. 2010ರಲ್ಲಿ 12 ಹೆಲಿಕಾಪ್ಟರಿಗೆ ಸುಮಾರು 3,600 ಕೋಟಿ ರೂಪಾಯಿ ಒಪ್ಪಂದ, 2013ರ ಆಗಸ್ಟಲ್ಲಿ ಸಿಎಜಿ ವರದಿ ಸಂಸತ್ತಿಗೆ ಬಂತು, 2014ರ ಜನವರಿ 1ಕ್ಕೆ ಒಪ್ಪಂದಾನೇ ರದ್ದಾಯ್ತು, ಅಷ್ಟೊತ್ತಿಗೆ ಮೂರು ಬಂದಾಗಿತ್ತು. ವರದೀಲಿ ಏನಿತ್ತು ಅಂದ್ರೆ, ಮೊದಲು 6,000 ಮೀಟರ್ ಎತ್ತರಕ್ಕೆ ಹಾರಬೇಕು ಅಂತಿದ್ದ ಷರತ್ತನ್ನ 4,500 ಮೀಟರ್‌ಗೆ ಇಳಿಸಿದ್ರು, ಒಳಗಿನ ಕ್ಯಾಬಿನ್ 1.8 ಮೀಟರ್ ಎತ್ತರ ಇರಲೇಬೇಕು ಅಂತ ಸೇರಿಸಿದ್ರು, ಇದರಿಂದ ಪೈಪೋಟಿನೇ ಕಿರಿದಾಯ್ತು. ಟ್ರಯಲ್‌ನ ನಮ್ ದೇಶದಲ್ಲಿ ಮಾಡದೆ ಹೊರದೇಶದಲ್ಲಿ ಮಾಡಿದ್ರು, ಹೋಲಿಕೆಗೆ ಅಂತ ಇಟ್ಕೊಂಡ ಅಂದಾಜು ಬೆಲೆ 4,877.5 ಕೋಟಿ, ಅದು ವಿಪರೀತ ಜಾಸ್ತಿ ಅಂತ ಸಿಎಜಿ ಹೇಳ್ತು.

ದುಡ್ಡು ಕೊಡೋ ದಿನಕ್ಕಿಂತ ಎಷ್ಟೋ ವರ್ಷ ಮುಂಚೆ, ಷರತ್ತು ಬರೆಯೋ ಟೇಬಲ್ ಮೇಲೇ ಅರ್ಧ ಖರೀದಿ ಮುಗಿದಿರುತ್ತೆ. ಅದಕ್ಕೇ ನಾನು ಸಿಕ್ಕ ಸಿಕ್ಕವರಿಗೆಲ್ಲಾ ಹೇಳೋದು, ಬಸ್ ಬಂದ್ಮೇಲೆ ಕೇಳೋದಲ್ಲ, ಸ್ಪೆಸಿಫಿಕೇಷನ್ ಬರೆಯೋವಾಗ್ಲೇ ಕೇಳ್ಬೇಕು.

ಟೆಂಡರ್ ಕರೆದು ಕಮ್ಮಿ ರೇಟಿಗೆ ಕೊಟ್ರೆ ಎಲ್ಲಾ ಸರಿ ತಾನೆ?

ಕಮ್ಮಿ ರೇಟು ಅಂದ ಮಾತ್ರಕ್ಕೆ ಸರಿ ಅಂತಲ್ಲ. ನಮ್ ರಾಜ್ಯದಲ್ಲಿ ಕೆಟಿಪಿಪಿ ಕಾಯ್ದೆ ಇದೆ, 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಒಳ್ಳೇ ಕಾಯ್ದೆ. ಆದ್ರೆ ಅದರ 4ನೇ ಸೆಕ್ಷನ್ನಲ್ಲಿ ವಿನಾಯಿತಿಗಳಿವೆ, ಅದರಲ್ಲಿ 4(ಜಿ) ಅಂತ ಎಲ್ರಿಗೂ ಗೊತ್ತಿರೋದು, ಸರ್ಕಾರ ಅಧಿಸೂಚನೆ ಹೊರಡಿಸಿ ಇಂಥ ಖರೀದಿಗೆ ಟೆಂಡರ್ ಬೇಡ ಅಂತ ಬಿಟ್ಟುಬಿಡಬಹುದು. ನಿಜವಾದ ತುರ್ತು ಇರುತ್ತೆ, ಕೋವಿಡ್ ಟೈಮಲ್ಲಿ ಟೆಂಡರ್ ಮುಗಿಯೋ ತನಕ ಕಾಯೋಕೆ ಆಗ್ತಿರಲಿಲ್ಲ, ಅದನ್ನ ಒಪ್ತೀನಿ. ಆದ್ರೆ ವಿನಾಯಿತಿ ಕೊಟ್ಟ ಪ್ರತಿ ಗಾಡಿ ಖರೀದಿಗೂ ಕಾರಣ ಏನು ಅಂತ ಸದನದಲ್ಲಿ ಪ್ರಶ್ನೆ ಕೇಳಬೇಕು, ಇದೊಂದನ್ನ ನಮ್ 22 ಜನ ತಪ್ಪದೆ ಮಾಡಿದ್ರೂ ಸಾಕು ಅನ್ಸುತ್ತೆ.

ಟೆಂಡರ್ ಕರೆದ ಕಡೆನೂ ಎಷ್ಟು ಜನ ಬಿಡ್ ಹಾಕಿದ್ರು ಅಂತ ಕೇಳಿ. ಒಬ್ಬನೇ ಹಾಕಿದ್ರೆ ಆ ಎಲ್-1ಗೆ, ಅಂದ್ರೆ ಅತಿ ಕಮ್ಮಿ ರೇಟಿನ ಬಿಡ್ ಅನ್ನೋದಕ್ಕೆ, ಅರ್ಥ ಏನು?

ಈಗ ಬಸ್ ಕೊಳ್ಳೋದೇ ಇಲ್ಲವಂತೆ, ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಅಂತೆ. ಅದರಲ್ಲೇನಿದೆ ಲೆಕ್ಕ ಕೇಳೋಕೆ?

ನನ್ ಪ್ರಕಾರ ಈ ಪುಟದಲ್ಲಿ ಅತಿ ಮುಖ್ಯ ಪ್ರಶ್ನೆ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಇದಕ್ಕೆ ಜಿಸಿಸಿ ಅಂತಾರೆ, ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್. ಬಸ್ಸು ಕಂಪನೀದು, ಡ್ರೈವರ್ ಕಂಪನಿಯವರು, ರಿಪೇರಿ ಕಂಪನೀದು, ಕಂಡಕ್ಟರ್ ಮತ್ತೆ ಟಿಕೆಟ್ ದುಡ್ಡು ನಿಗಮದ್ದು. ಬಸ್ ಎಷ್ಟು ಕಿಲೋಮೀಟರ್ ಓಡ್ತು ಅಂತ ಲೆಕ್ಕ ಹಾಕಿ ನಿಗಮ ಕಂಪನಿಗೆ ದುಡ್ಡು ಕಟ್ಟುತ್ತೆ, ಸೀಟ್ ಖಾಲಿ ಇದ್ರೂ ಕಟ್ಟಬೇಕು. ಬೆಂಗಳೂರಿಗೆ 2022ರಲ್ಲಿ 921 ಎಲೆಕ್ಟ್ರಿಕ್ ಬಸ್ ಈ ಥರಾನೇ 12 ವರ್ಷಕ್ಕೆ ಗೊತ್ತುಮಾಡಿದ್ರು, ಕಿಲೋಮೀಟರಿಗೆ ಸುಮಾರು 41 ರೂಪಾಯಿ. ಅದಕ್ಕಿಂತ ಮುಂಚಿನ ಬಿಎಂಟಿಸಿ ಒಪ್ಪಂದಗಳಿಗಿಂತ ಕಮ್ಮಿ ರೇಟು, ಒಳ್ಳೇದೇ.

ಈಗ ಒಂದು ಪೆನ್ ತಗೊಳ್ಳಿ. ಸುಮ್ನೆ ಲೆಕ್ಕಕ್ಕೆ ದಿನಕ್ಕೆ 200 ಕಿಲೋಮೀಟರ್ ಅನ್ಕೊಳ್ಳಿ, ವರ್ಷಕ್ಕೆ 73,000, 12 ವರ್ಷಕ್ಕೆ 8,76,000 ಕಿಲೋಮೀಟರ್. 41 ರೂಪಾಯಿ ಹಾಕಿದ್ರೆ ಒಂದು ಬಸ್ಸಿಗೆ 3 ಕೋಟಿ 59 ಲಕ್ಷ. 921 ಬಸ್ಸಿಗೆ 3,300 ಕೋಟಿ ದಾಟುತ್ತೆ. ಬಸ್ ಕೊಳ್ಳೋಕೆ ಅಂತ ಬಜೆಟಲ್ಲಿ ಒಂದು ರೂಪಾಯಿನೂ ಕಾಣ್ಸಲ್ಲ, ಆದ್ರೆ ಮೂರು ಸರ್ಕಾರ ಬಂದು ಹೋಗೋ ಅಷ್ಟು ಕಾಲ ಈ ಬಿಲ್ ಕಟ್ತಾನೇ ಇರಬೇಕು. ಇವತ್ತು ಸಹಿ ಹಾಕಿದವರು ಯಾರೂ ಕೊನೇ ಬಿಲ್ ಬರೋ ಹೊತ್ತಿಗೆ ಆ ಕುರ್ಚೀಲಿ ಇರಲ್ಲ.

ಕಟ್ಟೋಕೆ ಆಗದೆ ಹೋದ್ರೆ? ಅದಕ್ಕೂ ವ್ಯವಸ್ಥೆ ಮಾಡಿದಾರೆ. 2024ರ ಸೆಪ್ಟೆಂಬರಲ್ಲಿ ಕೇಂದ್ರ ಕ್ಯಾಬಿನೆಟ್ 3,435 ಕೋಟಿ ರೂಪಾಯಿ ಪಾವತಿ ಭದ್ರತಾ ನಿಧಿಗೆ ಒಪ್ಪಿಗೆ ಕೊಡ್ತು. ನಿಗಮ ಬಾಕಿ ಉಳಿಸಿಕೊಂಡ್ರೆ ಮೊದಲು ಆ ನಿಧಿಯಿಂದ ಕಂಪನಿಗೆ ಕೊಡ್ತಾರೆ, ಆಮೇಲೆ ರಾಜ್ಯ ಸರ್ಕಾರದ ರಿಸರ್ವ್ ಬ್ಯಾಂಕ್ ಖಾತೆಯಿಂದ ನೇರವಾಗಿ ಮುರ್ಕೊಳ್ತಾರೆ, ಅದಕ್ಕೆ ರಾಜ್ಯ ಮೊದಲೇ ಒಪ್ಪಿಗೆ ಪತ್ರ ಕೊಟ್ಟಿರಬೇಕು. ಕಂಪನಿಗಳಿಗೆ ಧೈರ್ಯ ಬಂದು ರೇಟ್ ಇಳಿಯುತ್ತೆ ಅನ್ನೋದು ಇದರ ಹಿಂದಿನ ಯೋಚನೆ, ಅದು ತಪ್ಪಲ್ಲ. ಆದ್ರೆ ರಾಜ್ಯದ ಖಜಾನೆಗೆ ಕೈ ಹಾಕೋ ಹಕ್ಕನ್ನ ಬರೆದುಕೊಡೋವಾಗ ವಿಧಾನಸಭೇಲಿ ಅರ್ಧ ದಿನಾನಾದ್ರೂ ಚರ್ಚೆ ಆಗ್ಬೇಕಲ್ವಾ? ದುಡ್ಡು ನಮ್ದು.

ಎಲೆಕ್ಟ್ರಿಕ್ ಗಾಡಿಗಳಿಗೆ ನೆರವು ಕೊಡೋ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೇಲಿ ಬೆಂಗಳೂರಿಗೇ ಇನ್ನೂ 4,500 ಎಲೆಕ್ಟ್ರಿಕ್ ಬಸ್ ಹಂಚಿಕೆ ಆಗಿದೆ. ಇದು 921ರ ಹತ್ತಿರ ಹತ್ತಿರ ಐದು ಪಟ್ಟು. ಈಗ್ಲೇ ಕೇಳದೆ ಇದ್ರೆ ಯಾವಾಗ ಕೇಳೋದು.

ನೀವು ಎಲೆಕ್ಟ್ರಿಕ್ ಬಸ್ಸಿಗೆ ವಿರೋಧನಾ?

ಇಲ್ಲಾರೀ. ಡೀಸೆಲ್ ಹೊಗೆ ಕುಡಿದು ಕುಡಿದು ಬಿ.ಎಚ್. ರೋಡಲ್ಲಿ ಓಡಾಡೋನು ನಾನು, ಎಲೆಕ್ಟ್ರಿಕ್ ಬಸ್ ಆದಷ್ಟು ಬೇಗ ಬರಲಿ ಅಂತಾನೇ ನನ್ ಆಸೆ. ಆದ್ರೆ ಯೋಚನೆ ಮಾಡದೆ ನಡೆದ್ರೆ ಎಲೆಕ್ಟ್ರಿಕ್ ಬಸ್ಸೇ ತಡ ಆಗುತ್ತೆ. ದೇಶದಲ್ಲಿ ಮೊದಲು ಎಲೆಕ್ಟ್ರಿಕ್ ಬಸ್ ಟ್ರಯಲ್ ನೋಡಿದ್ದು ಬೆಂಗಳೂರೇ, 2014ರಲ್ಲಿ. ಆಮೇಲೆ ಲೀಸ್‌ಗೆ ತಗೋಬೇಕಾ, ಸ್ವಂತಕ್ಕೆ ಕೊಳ್ಬೇಕಾ ಅನ್ನೋ ಜಗ್ಗಾಟದಲ್ಲಿ ಟೆಂಡರ್ ಬಿದ್ದುಹೋಗಿ ಎಲೆಕ್ಟ್ರಿಕ್ ಗಾಡಿಗೆ ಅಂತ ಇದ್ದ ಕೇಂದ್ರದ ಫೇಮ್ ಯೋಜನೆ ಮೊದಲ ಹಂತದ ಸಬ್ಸಿಡಿ ಕೈತಪ್ಪಿತು, ಬೇರೆ ಊರಲ್ಲಿ ಬಸ್ ಓಡಾಡೋಕೆ ಶುರುವಾಯ್ತು. ಆ ಚರ್ಚೆ ಟೆಂಡರಿಗೆ ಮುಂಚೆನೇ ಸಮಿತಿ ಮುಂದೆ ಮುಗಿದಿದ್ರೆ ನಾವು ಅಷ್ಟು ವರ್ಷ ಕಳ್ಕೊತಿರಲಿಲ್ಲ.

15 ವರ್ಷದ ಹಳೇ ಗಾಡಿ ಎಲ್ಲಾ ಸ್ಕ್ರ್ಯಾಪ್ ಅಂದ್ರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ತುಂಬಾ ಇದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ಮಾಡಂಗಿಲ್ಲ ಅಂತ ಕೇಂದ್ರದ ನಿಯಮ, ಕೇಂದ್ರ, ರಾಜ್ಯ, ಪಂಚಾಯ್ತಿ, ನಗರಸಭೆ, ಸಾರಿಗೆ ನಿಗಮ ಎಲ್ಲದಕ್ಕೂ ಅನ್ವಯ. ರಕ್ಷಣೆ ಮತ್ತೆ ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ಬಿಡುವು. ಅಂದ್ರೆ ಒಂದೊಂದು ಇಲಾಖೇಲೂ ಯಾವ ಗಾಡಿ ಯಾವ ತಿಂಗಳು ಮೂಲೆ ಸೇರುತ್ತೆ ಅಂತ ಹದಿನೈದು ವರ್ಷ ಮುಂಚೆನೇ ಗೊತ್ತಿರುತ್ತೆ, ಆರ್‌ಸಿ ಕಾರ್ಡಲ್ಲೇ ಬರೆದಿದೆ. ಹಂಗಿದ್ದೂ ‘ತುರ್ತಾಗಿ ಗಾಡಿ ಬೇಕು’ ಅಂತ ವಿನಾಯಿತಿ ಕೇಳಿದ್ರೆ ಎಂಎಲ್‌ಎಗಳು ಸುಮ್ನಿರಬಾರದು.

ದುಬಾರಿ ಬಸ್ ಯಾಕೆ ಕೊಳ್ತಾರೆ? ಅದೇ ದುಡ್ಡಲ್ಲಿ ಹಳ್ಳಿ ಬಸ್ ಕೊಳ್ಳಬಾರದಾ?

2024ರ ಅಕ್ಟೋಬರಲ್ಲಿ ಕೆಎಸ್‌ಆರ್‌ಟಿಸಿ 20 ಹೊಸ ಐರಾವತ ಕ್ಲಬ್ ಕ್ಲಾಸ್ 2.0 ಬಿಟ್ಟಿತು, ಒಂದೊಂದಕ್ಕೆ ಸುಮಾರು 1.78 ಕೋಟಿ. ಅದೇ ವರ್ಷ ಫೆಬ್ರವರೀಲಿ ಅಶ್ವಮೇಧ ಕ್ಲಾಸಿಕ್ ಬಸ್ ಬಂದಿದ್ದು, ಅವು ನಮ್ ಕಡೆ ಜನಕ್ಕೆ ಉಪಯೋಗಕ್ಕೆ ಬರೋ ಮಾಮೂಲಿ ಎಕ್ಸ್‌ಪ್ರೆಸ್. ಐರಾವತ ಕೊಂಡಿದ್ದೇ ತಪ್ಪು ಅಂತ ನಾನು ಹೇಳಲ್ಲ, ದೂರದ ರೂಟಲ್ಲಿ ಒಳ್ಳೇ ಕಲೆಕ್ಷನ್ ಬಂದ್ರೆ ಆ ಲಾಭದಲ್ಲೇ ಹಳ್ಳಿ ಬಸ್ ನಷ್ಟ ತುಂಬಬಹುದು. ಹಂಗೆ ಆಗ್ತಿದೆಯಾ ಅಂತ ನೋಡಬೇಕು, ಅದಕ್ಕೆ ಇರೋ ಅಳತೆ ಇಪಿಕೆಎಂ, ಸಿಪಿಕೆಎಂ, ಅಂದ್ರೆ ಕಿಲೋಮೀಟರಿಗೆ ಆದಾಯ ಎಷ್ಟು, ಖರ್ಚು ಎಷ್ಟು. ಬಸ್ ಬೆಲೆ ಕೇಳಿ ಬೆಚ್ಚಿಬೀಳೋದಕ್ಕಿಂತ ಈ ಎರಡು ಅಂಕಿ ಮಾದರಿವಾರು ಕೇಳೋದು ಮೇಲು. ಬೆಂಗಳೂರಲ್ಲಿ ವಜ್ರ ವೋಲ್ವೋ ಬಸ್ಸುಗಳು ಖರ್ಚು ಹುಟ್ಟದೆ ಡಿಪೋದಲ್ಲಿ ಸಾಲಾಗಿ ನಿಂತಿದ್ದನ್ನ ನೋಡಿದವರಿಗೆ ಇದು ಅರ್ಥ ಆಗುತ್ತೆ.

2025ರ ಜನವರೀಲಿ ಟಿಕೆಟ್ ದರ ನೂರಕ್ಕೆ 15 ಏರಿಸಿದ್ರು ನೆನಪಿರಬಹುದು. ದರ ಏರಿಸೋವಾಗ ಡೀಸೆಲ್, ಸಂಬಳ ಅಂತ ಕಾರಣ ಕೊಡ್ತಾರೆ, ಹೊಸ ಬಸ್ಸಿನ ಸಾಲದ ಕಂತು ಅದರಲ್ಲಿ ಎಷ್ಟು ಅಂತ ಕೇಳಿದವರು ಕಮ್ಮಿ.

ಕಸದ ಆಟೋ, ಜೆಟ್ಟಿಂಗ್ ಮಷೀನ್ ಇವನ್ನೂ ವಿಧಾನಸಭೆನೇ ನೋಡುತ್ತಾ?

ಮೊದಲು ನೋಡಬೇಕಾದವರು ನಿಮ್ ವಾರ್ಡ್ ಸದಸ್ಯರು, ನಗರಸಭೆ ಇಲ್ಲಾ ಪಾಲಿಕೆ ಸಾಮಾನ್ಯ ಸಭೇಲಿ. ಆಡಿಟ್ ಮಾಡೋದು ರಾಜ್ಯ ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನಾ ಇಲಾಖೆ. ಅದರ ಮೇಲೆ ವಿಧಾನಮಂಡಲದ ಸ್ಥಳೀಯ ಸಂಸ್ಥೆಗಳ ಸಮಿತಿ ಇದೆ. ಕೊಂಡ ಗಾಡಿ ನಿಜವಾಗ್ಲೂ ಓಡ್ತಿದೆಯಾ ಅಂತ ತಿಳ್ಕೊಳ್ಳೋಕೆ ಲಾಗ್‌ಬುಕ್ ನೋಡಿ, ಡೀಸೆಲ್ ಬಿಲ್ಲಿಗೂ ಲಾಗ್‌ಬುಕ್ಕಿಗೂ ತಾಳೆ ಆಗಬೇಕು.

ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆಯಲ್ಲ, ಅದರ ಲೆಕ್ಕ ಯಾರು ಕೇಳೋದು?

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ, 2016ರ ಜನವರೀಲಿ ಅಡಿಗಲ್ಲು, 2023ರ ಫೆಬ್ರವರಿ 6ಕ್ಕೆ ಪ್ರಧಾನಿ ಉದ್ಘಾಟನೆ ಮಾಡಿದ್ರು. 2025ರ ಮಾರ್ಚಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡ ಯುದ್ಧ ಹೆಲಿಕಾಪ್ಟರಿಗೆ 62,700 ಕೋಟಿ ರೂಪಾಯಿ ಒಪ್ಪಂದ ಮಾಡ್ಕೊಳ್ತು, ತೆರಿಗೆ ಬಿಟ್ಟು. 90 ಸೇನೆಗೆ, 66 ವಾಯುಪಡೆಗೆ, ತಯಾರಿ ಬೆಂಗಳೂರು ಮತ್ತೆ ತುಮಕೂರಲ್ಲಿ. ನಮ್ ಜಿಲ್ಲೆ ಹುಡುಗರಿಗೆ ಕೆಲಸ ಸಿಗಬೇಕು ಅನ್ನೋದು ನನ್ನ ಆಸೆನೂ ಹೌದು.

ಇದು ಕೇಂದ್ರದ ವಿಷಯ, ಹಾಗಾಗಿ ನಿಮ್ಮ ಎಂಎಲ್‌ಎ ಅಲ್ಲ, ಎಂಪಿ. ಸಂಸತ್ತಲ್ಲಿ 22 ಜನರ ಪಿಎಸಿ ಇದೆ, ಉದ್ದಿಮೆಗಳ ಸಮಿತಿ ಇದೆ, ಇದರ ಜೊತೆಗೆ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಈಗ 24. ರಕ್ಷಣಾ ಸ್ಥಾಯಿ ಸಮಿತಿ ಪ್ರತಿ ವರ್ಷ ಅನುದಾನದ ಬೇಡಿಕೆನ ಓಟಿಗೆ ಮುಂಚೆ ಕೂತು ಪರಿಶೀಲನೆ ಮಾಡಿ ವರದಿ ಕೊಡುತ್ತೆ. ದುಡ್ಡು ಹೋಗೋಕೆ ಮುಂಚೆ ಕೇಳೋದು ಅಂದ್ರೆ ಇದೇ. ಎಂಪಿಗಳಿಗೆ ಕೇಳಬೇಕಾದ ಪ್ರಶ್ನೆ ಸರಳ, ಒಪ್ಪಂದದಲ್ಲಿ ಹೇಳಿದ ಪ್ರಕಾರ ಪ್ರತಿ ವರ್ಷ ಎಷ್ಟು ಹೆಲಿಕಾಪ್ಟರ್ ಕೊಡಬೇಕಿತ್ತು, ಎಷ್ಟು ಕೊಟ್ರು, ಅದರಲ್ಲಿ ಗುಬ್ಬೀಲಿ ಆಗಿದ್ದೆಷ್ಟು.

ಬೇರೆ ದೇಶದಲ್ಲಿ ಇದೆಲ್ಲಾ ಸರಿ ನಡೆಯುತ್ತಾ?

ಅಲ್ಲೂ ಎಡವುತ್ತಾರೆ, ಆದ್ರೆ ಎಡವಿದ್ದನ್ನ ಬಹಿರಂಗವಾಗಿ ಕೇಳ್ತಾರೆ. ಅಮೆರಿಕದ ಕರಾವಳಿ ಕಾವಲು ಪಡೆ 2002ರಲ್ಲಿ ಡೀಪ್‌ವಾಟರ್ ಅಂತ ಯೋಜನೆ ಶುರು ಮಾಡ್ತು, ಹಡಗು, ವಿಮಾನ, ಹೆಲಿಕಾಪ್ಟರ್ ಎಲ್ಲಾ ಹೊಸದು ಮಾಡೋದು, ಮೊದಲು 17 ಬಿಲಿಯನ್ ಡಾಲರ್ ಅಂದಿದ್ದು 24 ಬಿಲಿಯನ್‌ಗೆ ಏರ್ತು. ಏನು ಬೇಕು ಅಂತ ತೀರ್ಮಾನ ಮಾಡೋದು, ಮಾಡಿಸೋದು, ಸರಿಯಾಗಿದೆ ಅಂತ ಸರ್ಟಿಫಿಕೇಟ್ ಕೊಡೋದರಲ್ಲೂ ಬಹುಪಾಲು ಕೆಲಸ ಎರಡು ದೊಡ್ಡ ಕಂಪನಿಗಳ ಕೂಟಕ್ಕೇ ಬಿಟ್ಟುಬಿಟ್ರು. 110 ಅಡಿ ಗಸ್ತು ದೋಣಿಗಳನ್ನ 123 ಅಡಿಗೆ ಉದ್ದ ಮಾಡೋಕೆ ಹೊರಟ್ರು, 49 ಮಾಡಬೇಕಿತ್ತು, ಎಂಟು ಆಗೋಷ್ಟರಲ್ಲಿ ಒಡಲು ಬಾಗೋಕೆ, ಬಿರುಕು ಬಿಡೋಕೆ ಶುರುವಾಯ್ತು. 2006ರ ನವೆಂಬರಲ್ಲಿ ಎಂಟನ್ನೂ ದಡಕ್ಕೆ ಕಟ್ಟಿದ್ರು. ಹತ್ತಿರ ಹತ್ತಿರ 100 ಮಿಲಿಯನ್ ಡಾಲರ್ ಮುಳುಗಿತು.

2007ರ ಏಪ್ರಿಲಲ್ಲಿ ಅವರ ಪ್ರತಿನಿಧಿ ಸಭೆಯ ಸಾರಿಗೆ ಸಮಿತಿ ಎಂಜಿನಿಯರುಗಳನ್ನ, ಕಂಪನಿಯವರನ್ನ, ಅಧಿಕಾರಿಗಳನ್ನ ಎಲ್ಲರನ್ನೂ ಕೂರಿಸಿ ಬಹಿರಂಗ ವಿಚಾರಣೆ ಮಾಡ್ತು, ಮುಂಚೆನೇ ಎಚ್ಚರಿಸಿದ್ದ ಎಂಜಿನಿಯರ್ ಮಾತನ್ನ ಯಾಕೆ ಕೇಳಲಿಲ್ಲ ಅಂತಾನೂ ಕೇಳಿದ್ರು. ಅದೇ ತಿಂಗಳು ಉಸ್ತುವಾರಿನ ತಾನೇ ವಾಪಸ್ ತಗೊಳ್ತೀನಿ ಅಂತ ಕಾವಲು ಪಡೆ ಹೇಳ್ತು. ನಮ್ ಜಿಸಿಸಿ ಒಪ್ಪಂದಗಳನ್ನ ಓದೋವಾಗ ನನಗೆ ಈ ದೋಣಿಗಳೇ ಕಣ್ಮುಂದೆ ಬರ್ತವೆ. ಬಸ್ ಎಷ್ಟು ಕಿಲೋಮೀಟರ್ ಓಡ್ತು, ಎಷ್ಟು ಸಲ ಕೆಟ್ಟು ನಿಂತ್ಕೊಳ್ತು ಅಂತ ಬರೆದಿಡೋದು ಯಾರು, ಕಂಪನಿಯ ಮಷೀನಾ, ನಮ್ ಡಿಪೋದವರಾ? ಇದನ್ನ ಯಾರೂ ಕೇಳಿದ್ದು ನಾನು ನೋಡಿಲ್ಲ.

ಇಷ್ಟೆಲ್ಲಾ ಕೇಳ್ತಾ ಕೂತ್ರೆ ಬಸ್ ಬರೋದೇ ತಡ ಆಗಲ್ವಾ?

ಆಗಬಹುದು, ನ್ಯಾಯವಾದ ಪ್ರಶ್ನೆ. ಡಿಪೋದಲ್ಲಿ ಕೆಲಸ ಮಾಡೋ ನಮ್ ಭಾವಮೈದುನ ಇದನ್ನೇ ಹೇಳ್ತಾನೆ, ‘ನೀವು ಪ್ರಶ್ನೆ ಕೇಳ್ತಾ ಇರಿ ಭಾವ, ನಾವು ಹಳೇ ಗಾಡಿಗೆ ವೆಲ್ಡಿಂಗ್ ಮಾಡ್ತಾ ಇರ್ತೀವಿ’ ಅಂತ. ಅವನ ಸಂಕಟ ನನಗೆ ಗೊತ್ತು. ಅದಕ್ಕೇ ಎಲ್ಲಾ ಹಂತದಲ್ಲೂ ಎಲ್ಲರೂ ಅಡ್ಡಗಾಲು ಹಾಕೋದು ಬೇಡ, ಷರತ್ತು ಬರೆಯೋ ಹಂತದಲ್ಲಿ ಒಂದು ಸಲ, ಒಪ್ಪಂದಕ್ಕೆ ಸಹಿ ಹಾಕೋಕೆ ಮುಂಚೆ ಒಂದು ಸಲ, ಬಸ್ ಬಂದು ಒಂದು ವರ್ಷ ಓಡಿದ್ಮೇಲೆ ಒಂದು ಸಲ ಗಟ್ಟಿಯಾಗಿ ಕೇಳಿದ್ರೆ ಸಾಕು. ತಪ್ಪು ಬಸ್ ಬಂದು 12 ವರ್ಷ ಅನುಭವಿಸೋದಕ್ಕಿಂತ ಎರಡು ತಿಂಗಳು ತಡ ಆಗಿ ಸರಿ ಬಸ್ ಬಂದ್ರೆ ನಾನು ಅದನ್ನೇ ಆರಿಸ್ಕೊಳ್ತೀನಿ.

ನಮ್ ಎಂಎಲ್‌ಎಗೆ ಏನಂತ ಬರೆದು ಕೊಡಬೇಕು?

‘ನಮ್ಮೂರಿಗೆ ಬಸ್ ಬಿಡಿಸಿ ಸ್ವಾಮಿ’ ಅಂತ ಮನವಿ ಕೊಟ್ರೆ ಅವರು ಡಿಸಿ ಆಫೀಸಿಗೆ ಫೋನ್ ಮಾಡ್ತಾರೆ, ಒಂದು ವಾರ ಬಸ್ ಬರುತ್ತೆ, ಆಮೇಲೆ ನಿಲ್ಲುತ್ತೆ. ಅದರ ಜೊತೆಗೆ ಸದನದಲ್ಲಿ ಕೇಳೋಕೆ ರೆಡಿ ಇರೋ ಪ್ರಶ್ನೆನೂ ಕೊಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡ್ತಾರೆ, ಉಪಪ್ರಶ್ನೆ ಕೇಳಬಹುದು. ಅಂಕಿಅಂಶ ಬೇಕಾದ್ರೆ ಚುಕ್ಕೆ ಗುರುತಿಲ್ಲದ್ದು ಸಾಕು, ಲಿಖಿತ ಉತ್ತರ ಬರುತ್ತೆ, ವಿಧಾನಸಭೆ ವೆಬ್‌ಸೈಟಲ್ಲಿ ಕನ್ನಡದಲ್ಲೇ ಓದಬಹುದು. ನಾನು ಬರೆದು ಕೊಡೋದು ಈ ಥರ:

‘ತುಮಕೂರು ವಿಭಾಗದಲ್ಲಿ ಕಳೆದ ಮೂರು ವರ್ಷದಲ್ಲಿ ಸ್ಕ್ರ್ಯಾಪ್ ಆದ ಬಸ್ಸುಗಳೆಷ್ಟು, ಹೊಸದಾಗಿ ಬಂದವೆಷ್ಟು, ಡಿಪೋವಾರು. ರದ್ದಾದ ಶೆಡ್ಯೂಲುಗಳೆಷ್ಟು, ಬಸ್ ಇಲ್ಲದೆ ರದ್ದಾದವೆಷ್ಟು, ಸಿಬ್ಬಂದಿ ಇಲ್ಲದೆ ರದ್ದಾದವೆಷ್ಟು.’

ಕೊನೇ ಭಾಗ ಬಿಡಬೇಡಿ. ಬಸ್ ಇದ್ದು ಡ್ರೈವರ್ ಇಲ್ಲದೆ ನಿಂತಿದ್ರೆ ಹೊಸ ಬಸ್ ಕೊಂಡೂ ಪ್ರಯೋಜನ ಇಲ್ಲ.

ಎಂಎಲ್‌ಎ ಕಿವಿಗೆ ಹಾಕ್ಕೊಳ್ಳದೆ ಇದ್ರೆ ವಿಧಾನ ಪರಿಷತ್ ಸದಸ್ಯರಿಗೆ ಕೊಡಿ. ಪರಿಷತ್ತಲ್ಲಿ 75 ಜನ ಇದಾರೆ, ಪದವೀಧರ ಕ್ಷೇತ್ರದವರು, ಶಿಕ್ಷಕರ ಕ್ಷೇತ್ರದವರು ಅಂತ, ನನ್ ಅನುಭವದಲ್ಲಿ ಅವರ ಕೈಗೆ ಸಿಗೋದೂ ಸುಲಭ.

ಆರ್‌ಟಿಐ ಹಾಕಿದ್ರೆ ಉತ್ತರ ಸಿಗುತ್ತಾ?

ಸಿಗುತ್ತೆ, ತಾಳ್ಮೆ ಬೇಕು. ಫೀಸು 10 ರೂಪಾಯಿ, ನಮ್ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ್ಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ನಾನು ಒಂದು ಸಲ ಒಂದು ಕಚೇರಿಗೆ ಬ್ರೇಕ್‌ಡೌನ್ ರಿಜಿಸ್ಟರ್ ಕೇಳಿ ಹಾಕಿದ್ದೆ, ಮೊದಲ ಉತ್ತರದಲ್ಲಿ ‘ಮಾಹಿತಿ ಬೃಹತ್ ಪ್ರಮಾಣದಲ್ಲಿದೆ’ ಅಂತ ಒಂದೇ ಸಾಲು ಬರೆದು ಕಳಿಸಿದ್ರು, ಮೇಲ್ಮನವಿ ಹಾಕಿದ್ಮೇಲೆ 14 ಪುಟ ಬಂತು. ಅದರಲ್ಲಿ ನೋಡಿದ್ರೆ ಒಂದೇ ಬಸ್ಸು ಒಂದೇ ತಿಂಗಳಲ್ಲಿ ಆರು ಸಲ ಕೆಟ್ಟಿದೆ, ಆ ಬಸ್ಸಿನ ನಂಬರ್ ನನಗೆ ಬಾಯಿಪಾಠ ಆಗಿತ್ತು, ಅದರಲ್ಲೇ ನಾನು ಬರ್ತಿದ್ದಿದ್ದು. ಆ ಪುಟಗಳನ್ನ ಜೆರಾಕ್ಸ್ ಮಾಡಿಸಿ ಒಬ್ಬ ಶಾಸಕರಿಗೆ ಕೊಟ್ಟೆ, ಅವರು ಅದನ್ನ ಕೈಲಿ ಹಿಡ್ಕೊಂಡೇ ಮಾತಾಡಿದ್ರು. ದಾಖಲೆ ಇದ್ರೆ ಮಾತಿಗೆ ತೂಕ ಬರುತ್ತೆ. ಅದಕ್ಕೆ ಅಭಿಪ್ರಾಯ ಕೇಳಬೇಡಿ, ದಾಖಲೆ ಹೆಸರು ಹಿಡಿದು ಕೇಳಿ: ಟೆಂಡರ್ ಡಾಕ್ಯುಮೆಂಟು, ಬಿಡ್ ತುಲನಾ ಪಟ್ಟಿ, ಒಪ್ಪಂದದ ಪ್ರತಿ, ದಂಡ ಹಾಕಿದ ಆದೇಶಗಳು.

ಮಂತ್ರಿಗಳು ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಅಂದುಬಿಟ್ರೆ ಮುಗೀತಾ?

ಮುಗಿಯಲ್ಲ. ಸದನದಲ್ಲಿ ಮಂತ್ರಿ ಹಂಗೆ ಅಂದ್ರೆ ಅದು ಭರವಸೆ ಅಂತ ದಾಖಲಾಗಬಹುದು, ಸರ್ಕಾರಿ ಭರವಸೆಗಳ ಸಮಿತಿ ಅದನ್ನ ಹಿಡಿದು ಇಲಾಖೆನ ಕೇಳುತ್ತೆ, ಏನಾಯ್ತು, ಯಾವಾಗ ಮಾಡ್ತೀರಾ ಅಂತ. ಹಾಗಾಗಿ ಉತ್ತರ ಬಂದ ತಾರೀಖು, ಪ್ರಶ್ನೆ ಸಂಖ್ಯೆ, ಕೇಳಿದ ಸದಸ್ಯರ ಹೆಸರು ಮೂರನ್ನೂ ಬರೆದಿಟ್ಕೊಳ್ಳಿ. ಆರು ತಿಂಗಳು ಬಿಟ್ಟು ಅದೇ ಸದಸ್ಯರ ಹತ್ರ ಹೋಗಿ, ಈ ಭರವಸೆ ಸಮಿತಿ ಪಟ್ಟೀಲಿ ಇದೆಯಾ ಅಂತ ಕೇಳಿ. ನಮ್ಮ ಕಡೆ ಒಂದು ಡಿಪೋಗೆ ಬಸ್ ಕೊಡ್ತೀವಿ ಅಂದಿದ್ದ ಉತ್ತರ ಒಂದನ್ನ ನಾನು ಹೀಗೇ ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ, ಮುಂದಿನ ಅಧಿವೇಶನ ಶುರುವಾಗೋ ವಾರ ಅದನ್ನ ತಗೊಂಡು ಹೋಗೋದಿದೆ.